ಅಪ್ಪ, ನಾನು ಮತ್ತು ಜಪಾನಿನ ಪ್ಲಗ್ಗು

ನನಗೊಂದು ಕೆಟ್ಟ ಚಟವಿದೆ. ಯಾವ ವಸ್ತು ಕೈಗೆ ಬಂದರೂ ಮೊದಲು ಅದನ್ನು ಬೋರಲು ಹಾಕಿ, ಎಲ್ಲಿ ತಯಾರಾದದ್ದು ಅಂತ ನೋಡುತ್ತೇನೆ. ಹೋದ ತಿಂಗಳು ನಮ್ಮ ಶಾಲೆಯ ಇನ್ನೊಬ್ಬ ಮಾಸ್ತರರ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದೆವು. ಊಟ ಮುಗಿಸಿ ಹೊರಡುವಾಗ ಎಲೆ ಅಡಿಕೆಯ ಜೊತೆಗೆ ಒಂದೊಂದು ಸ್ಟೀಲಿನ ಡಬ್ಬಿ ಕೊಟ್ಟರು. ಕೊಟ್ಟವರು ಇನ್ನೂ ಎದುರಿಗೆ ಕೈಮುಗಿದುಕೊಂಡು ನಿಂತಿದ್ದಾರೆ, ನಾನು ಡಬ್ಬಿ ತಿರುವಿ ಅದರ ತಳ ಓದುತ್ತಿದ್ದೇನೆ. ಹೆಂಡತಿ ರಟ್ಟೆ ಚಿವುಟಿದಳು. ದಾರಿಯಲ್ಲಿ, "ಅದೇನು ಜಪಾನಿಂದ ಬಂದಿರ್ತೈತೇನ್ರಿ? ಮಂದಿ ಮುಂದ ಮರ್ಯಾದಿ ಕಳೀತೀರಿ" ಅಂತ ಬೈದಳು. ಬೈಯಲಿ ಪಾಪ. ಚಟ ನನ್ನದಲ್ಲ, ಅಪ್ಪನದು. ಅಪ್ಪನಿಗೆ ಓದು ಬರುವುದಿಲ್ಲವಾದ್ದರಿಂದ ತಳ ಓದುವ ಕೆಲಸ ನನ್ನ ಪಾಲಿಗೆ ಬಂತು, ಅಷ್ಟೆ.

ನಾನು ಚಿಕ್ಕವನಿದ್ದಾಗ ಅಪ್ಪ ನಮ್ಮೂರಿನ ಗೌಡರ ಹೊಲದಲ್ಲಿ ಕೂಲಿಗಿದ್ದ. ಹಿಟ್ನಾಳದ ಹೆದ್ದಾರಿ ಬಿಟ್ಟು ಒಳಗೆ ಬಂದರೆ ಹಳ್ಳದ ದಂಡೆಯ ಮೇಲೆ ನಮ್ಮೂರು. ಹಳ್ಳದ ನೀರನ್ನು ಹೊಲಕ್ಕೆ ಎತ್ತಲು ಗೌಡರು ಒಂದು ಸಣ್ಣ ಇಂಜಿನ್ ಇಟ್ಟಿದ್ದರು. ಪೆಟ್ರೋಲಿನಲ್ಲಿ ಚಾಲೂ ಮಾಡಿ, ಕಾವು ಹಿಡಿದ ಮೇಲೆ ಸೀಮೆಎಣ್ಣೆಗೆ ಬದಲಿಸುವಂಥದ್ದು. ಅದನ್ನು ಮುಟ್ಟುವ ಅಧಿಕಾರ ಊರಲ್ಲಿ ಇಬ್ಬರಿಗೇ ಇತ್ತು: ಗೌಡರಿಗೆ ಮತ್ತು ಅಪ್ಪನಿಗೆ. ಗೌಡರು ಮುಟ್ಟಿದರೆ ಅದು ಚಾಲೂ ಆಗುತ್ತಿರಲಿಲ್ಲ, ಆದ್ದರಿಂದ ಒಬ್ಬನಿಗೇ ಅನ್ನಿ.

ಇಂಜಿನ್ ಗೌಡರ ಮನೆಯಲ್ಲಿರುತ್ತಿತ್ತು. ಆದರೆ ಅದರ ಪ್ಲಗ್ಗು ಮಾತ್ರ ಥಂಡಿಯ ದಿನಗಳಲ್ಲಿ ನಮ್ಮ ಮನೆಗೆ ಬರುತ್ತಿತ್ತು. ಪ್ಲಗ್ಗು ಅಂದರೆ ನಿಮಗೆ ಗೊತ್ತಿರುತ್ತದೆ, ಹೆಬ್ಬೆರಳಿಗಿಂತ ತುಸು ಉದ್ದದ ವಸ್ತು. ಮೇಲೆ ಬಿಳಿ ಪಿಂಗಾಣಿ, ಕೆಳಗೆ ಕಬ್ಬಿಣದ ತಿರುಪು, ತುದಿಯಲ್ಲಿ ಒಂದು ಸಣ್ಣ ಸಂದು. ಆ ಸಂದಿನಲ್ಲಿ ಕಿಡಿ ಹಾರಿದರೆ ಅದು ಇಂಜಿನ್, ಹಾರದಿದ್ದರೆ ಬರೀ ಕಬ್ಬಿಣ. ಅಪ್ಪ ನಸುಕಿನಲ್ಲೇ ಅದನ್ನು ಅವ್ವನ ಒಲೆಯ ಕೆಂಡದ ಬದಿಗಿಟ್ಟು ಕಾಸುತ್ತಿದ್ದ. ಹಂಚಿನ ಮೇಲೆ ಅವ್ವನ ಜೋಳದ ರೊಟ್ಟಿ, ಹಂಚಿನ ಬುಡದಲ್ಲಿ ಅಪ್ಪನ ಪ್ಲಗ್ಗು.

"ರೊಟ್ಟಿ ಪೆಟ್ರೋಲ್ ನಾರತೈತಿ, ತಗೀ ಆ ಪೀಡಾನ," ಅಂತ ಅವ್ವ ಕೂಗುತ್ತಿದ್ದಳು. "ಮಕ್ಕಳನ್ನರ ಹಿಂಗ ಬೆಚ್ಚಗ ಇಟ್ಟಿದ್ದೇನು ನೀ?"

"ಮಕ್ಕಳು ಹೆಂಗೂ ಬೆಚ್ಚಗ ಇರ್ತಾವ. ಇದು ಜಪಾನಿಂದು. ಥಂಡಿ ತಡಿಯಂಗಿಲ್ಲ," ಅನ್ನುತ್ತಿದ್ದ ಅಪ್ಪ. ಜಪಾನಿನಲ್ಲಿ ಹಿಮ ಬೀಳುತ್ತದೆ ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷಗಳ ನಂತರ. ಆಗ ಅವನಿಗೆ ಹೇಳುವ ಮನಸ್ಸಾಗಲಿಲ್ಲ.

ಐದನೇ ತರಗತಿಯಲ್ಲಿ ನನಗೆ ಇಂಗ್ಲಿಷ್ ಅಕ್ಷರ ಬಂದವು. ಬಂದ ವಾರವೇ ಅಪ್ಪ ನನ್ನ ಕೈ ಹಿಡಿದು ಹಳ್ಳಕ್ಕೆ ಕರೆದುಕೊಂಡು ಹೋದ. ಇಂಜಿನ್ನಿನ ಮೈಗೆ ಬಡಿದಿದ್ದ ತಗಡಿನ ಪಟ್ಟಿಯನ್ನು ರುಮಾಲಿನ ತುದಿಯಿಂದ ಒರೆಸಿ, "ಓದು" ಅಂದ. ನಾನು ಒಂದೊಂದೇ ಅಕ್ಷರ ಕೂಡಿಸಿ, ಬೆವತು, "ಮೇಡ್ ಇನ್ ಜಪಾನ್" ಅಂತ ಓದಿದೆ. ಅಲ್ಲಿ ಏನು ಬರೆದಿದೆ ಅನ್ನುವುದು ಗೌಡರ ಬಾಯಿಂದ ಅವನಿಗೆ ಮೊದಲೇ ಗೊತ್ತಿತ್ತು. ಆದರೂ ಅವತ್ತು ಅವನ ಮುಖ ನೋಡಬೇಕಿತ್ತು. "ಖರೆ ಓದ್ದಿ," ಅಂದ. ಅಷ್ಟೇ ಅಂದು ತಿರುಗಿ ಇಂಜಿನ್ನಿನ ಹಗ್ಗ ಜಗ್ಗಿದ. ಆಮೇಲೆ ನಾನು ಎಷ್ಟೋ ಪರೀಕ್ಷೆ ಪಾಸಾದೆ, ಸರಕಾರಿ ನೌಕರಿಯ ಆದೇಶವೂ ಕೈಗೆ ಬಂತು. ಆದರೆ ಅಪ್ಪ ಹಾಗೆ ಅಂದದ್ದು ಅದೊಂದೇ ಸಲ.

ಅಲ್ಲಿಂದ ನಮ್ಮ ಮನೆಯಲ್ಲಿ ಜಪಾನ್ ಅನ್ನುವುದು ದೇಶವಾಗಿ ಉಳಿಯಲಿಲ್ಲ, ಗುಣವಾಯಿತು. ಕೊಡ ಸೋರದಿದ್ದರೆ ಅದು ಜಪಾನ್. ಎತ್ತು ನೊಗಕ್ಕೆ ಸರಿಯಾಗಿ ಹೆಗಲು ಕೊಟ್ಟರೆ ಜಪಾನ್. ನನಗೆ ಹೆಣ್ಣು ನೋಡಲು ಯಲಬುರ್ಗಾ ಕಡೆಯ ಮಂಗಳೂರು ಎಂಬ ಹಳ್ಳಿಗೆ ಹೋದಾಗ, ಚಾ ಕುಡಿದು ಕಪ್ಪು ಕೆಳಗಿಟ್ಟ ಅಪ್ಪ ತುಂಬಿದ ಮನೆಯಲ್ಲಿ, "ಹುಡುಗಿ ಜಪಾನ್ ಇದ್ದಂಗದಾಳ" ಅಂದುಬಿಟ್ಟ. ಬೀಗರಿಗೆ ಏನು ತಿಳಿಯಿತೋ ಕಾಣೆ, ಸಂಬಂಧವಂತೂ ಕೂಡಿತು. ನನ್ನ ಹೆಂಡತಿ ಈಗಲೂ ಆ ಮಾತಿಗೆ ಮುಖ ಉಬ್ಬಿಸುತ್ತಾಳೆ, ಆದರೆ ಅದನ್ನು ಎಲ್ಲರಿಗೂ ತಾನೇ ಹೇಳುತ್ತಾಳೆ.

ಇಷ್ಟೆಲ್ಲ ಹೇಳಿದ್ದು ನಾನು ಮಾಡಿದ ಒಂದು ತಪ್ಪು ನಿಮಗೆ ಅರ್ಥವಾಗಲಿ ಅಂತ.

ನಾನು ಕುಷ್ಟಗಿ ರಸ್ತೆಯ ಒಂದು ಹಳ್ಳಿಯ ಶಾಲೆಯಲ್ಲಿ ಮಾಸ್ತರ. ದಿನಾ ಊರಿಂದಲೇ ಹೋಗಿ ಬರುತ್ತೇನೆ. ನಾಲ್ಕು ವರ್ಷದ ಹಿಂದೆ ಹಳ್ಳದ ದಂಡೆಗೆ ಒಂದೂವರೆ ಎಕರೆ ಹೊಲ ಕೊಂಡೆವು. ಜೀವನವೆಲ್ಲ ಬೇರೆಯವರ ಹೊಲಕ್ಕೆ ನೀರು ಹಾಯಿಸಿದ ಅಪ್ಪ ಎಪ್ಪತ್ತು ದಾಟಿದ ಮೇಲೆ ತನ್ನ ಹೊಲಕ್ಕೆ ನೀರು ಹಾಯಿಸತೊಡಗಿದ. ಬದನೆ, ಮೆಂತ್ಯೆ, ಕೊತ್ತಂಬರಿ, ಒಂದಿಷ್ಟು ಮೆಣಸಿನಕಾಯಿ. ಅವನಿಗಾಗಿ ಒಂದು ಸಣ್ಣ ಪೆಟ್ರೋಲ್ ಇಂಜಿನ್ ತಂದೆ. ಹೊಸದು, ಕೆಂಪು ಬಣ್ಣದ್ದು, ಪೆಟ್ಟಿಗೆಯ ವಾಸನೆ ಇನ್ನೂ ಹೋಗಿರಲಿಲ್ಲ.

ಅವತ್ತು ಅಪ್ಪ ಸ್ನಾನ ಮಾಡಿ ತೊಳೆದ ರುಮಾಲು ಸುತ್ತಿಕೊಂಡು ಬಂದ. ಇಂಜಿನ್ನಿನ ಸುತ್ತ ಒಂದು ಸುತ್ತು ಹಾಕಿದ. ಅದರ ಮೈಗಿದ್ದ ಪಟ್ಟಿಯ ಮೇಲೆ ಬೆರಳು ಆಡಿಸಿ ನನ್ನ ಮುಖ ನೋಡಿದ. "ಜಪಾನ್ ಹೌದಿಲ್ಲೊ?"

ಪಟ್ಟಿಯ ಮೇಲೆ 'ಮೇಡ್ ಇನ್ ಇಂಡಿಯಾ' ಅಂತ ಸ್ಪಷ್ಟವಾಗಿ ಬರೆದಿತ್ತು. ನಾನು, "ಹೌದಪಾ, ಜಪಾನ್" ಅಂದೆ.

ಯಾಕೆ ಹಾಗಂದೆ? ಅವನ ಕಣ್ಣಲ್ಲಿದ್ದ ಆಸೆ ನೋಡಿ ಅಂತ ಹೇಳಬಹುದು. ಅದು ನಿಜವೂ ಹೌದು. ಆದರೆ ಅವನಿಗೆ ಗೊತ್ತಾಗುವುದಿಲ್ಲ ಎಂಬ ಧೈರ್ಯವೂ ನನ್ನಲ್ಲಿತ್ತು. ಅದನ್ನು ನಾನು ನನಗೇ ಹೇಳಿಕೊಂಡಿರಲಿಲ್ಲ.

ಇಂಜಿನ್ ಮಾತ್ರ ಛಂದ ನಡೆಯಿತು. ಮೂರು ವರ್ಷ ಒಂದು ದಿನವೂ ಸತಾಯಿಸಲಿಲ್ಲ. "ನೋಡಿದ್ಯಾ, ಜಪಾನ್!" ಅಂತ ಅಪ್ಪ ದಾರಿಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿ ತೋರಿಸಿದ. ಊರಲ್ಲಿ ಯಾರ ಔಷಧ ಹೊಡೆಯುವ ಪಂಪು, ಯಾರ ಕಳೆ ಕೊಯ್ಯುವ ಮಿಷನ್ನು ಕೆಟ್ಟರೂ ಅಪ್ಪನನ್ನು ಕರೆಯುತ್ತಿದ್ದರು. ಹೋದ ವರ್ಷ ನಮ್ಮ ಇಂಜಿನ್ನಿನ ಪ್ಲಗ್ಗು ಸವೆದು ಹೋಯಿತು. ಹೊಸದು ಬೇಕಾಯಿತು. "ಜಪಾನಿಂದನ ತಗೊಂಬಾ," ಅಂದ ಅಪ್ಪ.

ಕೊಪ್ಪಳದಲ್ಲಿ ಬಸ್‌ಸ್ಟ್ಯಾಂಡಿನ ಆಚೆ ಶಂಕ್ರಮ್ಮ ಎಂಬವರದೊಂದು ಸ್ಪೇರ್ ಪಾರ್ಟ್ಸ್ ಅಂಗಡಿ ಇದೆ. ತಂದೆಯ ಕಾಲದ ಅಂಗಡಿಯನ್ನು ಅವರೇ ನಡೆಸುತ್ತಾರೆ. ಅರವತ್ತರ ಹತ್ತಿರದ ಹೆಂಗಸು, ಮೂಗಿನ ತುದಿಗೆ ಕನ್ನಡಕ, ಯಾವ ತಿರುಪಿಗೆ ಯಾವ ನಟ್ಟು ಅಂತ ಕಣ್ಣಳತೆಯಲ್ಲೇ ಹೇಳುತ್ತಾರೆ. ನಾನು ಕೇಳಿದ್ದಕ್ಕೆ ಒಂದು ಸಣ್ಣ ಪೆಟ್ಟಿಗೆ ತೆಗೆದು ಮುಂದಿಟ್ಟರು. ತಿರುವಿ ನೋಡಿದೆ. ಇಂಡಿಯಾ.

"ಜಪಾನಿಂದು ಇಲ್ಲೇನ್ರಿ?"

"ಕಂಪನಿ ಹೊರಗಿಂದ್ರಿ ಸರ, ಕಾರ್ಖಾನಿ ಇಲ್ಲೇ. ಅಸಲಿ ಮಾಲು. ನಿಮ್ಮ ಇಂಜಿನ್ನಿಗೆ ಇದಽ ಬರ್ತೈತಿ."

"ಆದ್ರೂ ಜಪಾನ್ ಅಂದ್ರ ಜಪಾನ್ ಅಲ್ರೀ?"

ಶಂಕ್ರಮ್ಮ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಅಲ್ಲಿಂದು ಖರೇದೂ ಇರ್ತಾವ್ರಿ, ಇಲ್ಲಂತಲ್ಲ. ಆದ್ರ ನಮ್ಮ ಕಡಿ ಜಪಾನ್ ಅಂತ ಬರಕೊಂಡು ಬರೋವು ಭಾಳ ಮಾಡಿ ಡೂಪ್ಲಿಕೇಟ್. ಮಂದಿಗೆ ಆ ಹೆಸರಿನ ಮ್ಯಾಲ ಹುಚ್ಚು ಐತಿ ಅಂತ ಅವರಿಗೂ ಗೊತ್ತೈತಿ. ತಿಳಿದವರು ನೀವು, ನೋಡ್ರಿ."

ತಿಳಿದವನು ನಾನು! ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಬಂದೆ. ಎರಡು ದಿನದ ನಂತರ ಒಂದು ಸಂತೆಯಲ್ಲಿ ತಳ್ಳುಗಾಡಿಯ ಮೇಲೆ ನನಗೆ ಬೇಕಾದದ್ದು ಸಿಕ್ಕಿತು. ಥಳಥಳ ಹೊಳೆಯುವ ಪ್ಲಗ್ಗು, ಪಿಂಗಾಣಿಯ ಮೇಲೆ ಕೆಂಪು ಅಕ್ಷರದಲ್ಲಿ ಜಪಾನ್. ಅಪ್ಪನ ಕೈಗಿಟ್ಟೆ. ಅವನು ಅದನ್ನು ಅಂಗೈಯಲ್ಲಿ ಉರುಳಿಸಿ ನಕ್ಕ.

ಹದಿನೈದು ದಿನ ಸರಿಯಾಗಿತ್ತು. ಆಮೇಲೆ ಇಂಜಿನ್ ಕೆಮ್ಮತೊಡಗಿತು. ಅರ್ಧ ತಾಸು ನಡೆದು ನಿಲ್ಲುವುದು, ಹಗ್ಗ ಜಗ್ಗಿದರೆ ಗುರ್ ಅಂದು ಸುಮ್ಮನಾಗುವುದು. ಅಪ್ಪ ಪೆಟ್ರೋಲ್ ಬದಲಿಸಿದ, ಗಾಳಿ ಜಾಲರಿ ತೊಳೆದ, ಪ್ಲಗ್ಗು ಬಿಚ್ಚಿ ಒರೆಸಿ ಹಾಕಿದ. ಒಂದು ಬೆಳಿಗ್ಗೆ ನಾನು ಶಾಲೆಗೆ ಹೊರಟಾಗ ಹಗ್ಗ ಜಗ್ಗಲು ಶುರು ಮಾಡಿದ್ದ. ಮಧ್ಯಾಹ್ನ ಅವ್ವ ಬುತ್ತಿ ಒಯ್ದಾಗಲೂ ಜಗ್ಗುತ್ತಿದ್ದನಂತೆ. ಒಂದು ಸಲ ಚಾಲೂ ಆಯಿತು, ಒಳಗೆ ಕಟಕಟ ಅಂತು, ಏನೋ ಒಡೆದ ಸಪ್ಪಳವಾಗಿ ನಿಂತಿತು. ಮತ್ತೆ ಏಳಲಿಲ್ಲ.

ಸಂಜೆ ನಾನು ಬಂದಾಗ ಅಪ್ಪ ಕಟ್ಟೆಯ ಮೇಲೆ ಕೂತಿದ್ದ. ಅಂಗೈಯಲ್ಲಿ ಗುಳ್ಳೆ ಎದ್ದು ಒಡೆದಿದ್ದವು. ಅವ್ವ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದಳು. ಅಪ್ಪ ಪ್ಲಗ್ಗು ಬಿಚ್ಚುವ ಸ್ಪ್ಯಾನರನ್ನು ಹಳೇ ಧೋತರದ ತುಂಡಿನಲ್ಲಿ ಸುತ್ತಿ ಅವಳ ಮುಂದಿಟ್ಟ.

"ಇದನ್ನ ಒಳಗಿಡು. ಇನ್ನ ನಾ ಯಾರ ಇಂಜಿನ್ನೂ ಮುಟ್ಟಂಗಿಲ್ಲ."

"ಯಾಕಪಾ?" ಅಂದೆ.

"ಕೈಗುಣ ಹೋತು, ತಮ್ಮಾ. ಜಪಾನ್ ಇಂಜಿನ್ನಿಗೆ ಜಪಾನ್ ಪ್ಲಗ್ಗು ಹಾಕಿದ್ರೂ ಚಾಲೂ ಆಗಂಗಿಲ್ಲ ಅಂದ್ರ ತಪ್ಪು ಯಾರದು? ಕೈದು."

ಅವನು ಸಿಟ್ಟಿನಿಂದ ಹೇಳಲಿಲ್ಲ. ಎಣ್ಣೆ ಹಚ್ಚಿದ ತನ್ನ ಕೈಗಳನ್ನು ಬೇರೆ ಯಾರದೋ ಕೈಗಳಂತೆ ನೋಡುತ್ತ ಹೇಳಿದ. ನಾನು ಅಲ್ಲಿ ನಿಲ್ಲಲಾರದೆ ಒಳಗೆ ಹೋದೆ.

ಮರುದಿನ ಆ ಪ್ಲಗ್ಗನ್ನು ಕಾಗದದಲ್ಲಿ ಕಟ್ಟಿಕೊಂಡು ಶಂಕ್ರಮ್ಮನ ಅಂಗಡಿಗೆ ಹೋದೆ. ಅವರು ಕಾಗದ ಬಿಚ್ಚಿದ್ದೇ ತಡ, "ಅಯ್ಯ, ಇದನ್ನ ಎಲ್ಲಿಂದ ತಂದ್ರಿ?" ಅಂದರು. ತುದಿಯ ಪಿಂಗಾಣಿ ಸೀಳಿ ಒಂದು ಚೂರು ಹಾರಿಹೋಗಿತ್ತು. ಅದು ಇಂಜಿನ್ನಿನ ಹೊಟ್ಟೆಯೊಳಗೆ ಬಿದ್ದು ಗೀರಿದೆ ಅಂತ ವಿವರಿಸಿದರು. ಹೆಬ್ಬೆರಳಿಗೆ ಒಂದು ಹನಿ ಪೆಟ್ರೋಲ್ ಹಚ್ಚಿಕೊಂಡು ಅಕ್ಷರ ತಿಕ್ಕಿದರು. ಕೆಂಪು ಬಣ್ಣ ಬೆರಳಿಗೆ ಬಂತು. ಆಮೇಲೆ ಪ್ಲಗ್ಗನ್ನು ನನ್ನ ಕಡೆ ಚಾಚಿದರು.

"ಇನ್ನೂ ಒಂದೀಟು ಉಳಿದೈತಿ. ಓದ್ರಿ ಸರ."

ಓದಿದೆ. ಜೆ, ಎ, ಪಿ, ಇ, ಎನ್. ಎರಡನೇ ಎ ಇರಬೇಕಾದ ಕಡೆ ಇ ಇತ್ತು.

ಇಪ್ಪತ್ತು ವರ್ಷದಿಂದ ಮಕ್ಕಳ ನೋಟ್‌ಬುಕ್ಕುಗಳಲ್ಲಿ ಇಂಥವೇ ತಪ್ಪುಗಳಿಗೆ ಕೆಂಪು ಪೆನ್ನಿನಿಂದ ಸುತ್ತು ಹಾಕುವವನು ನಾನು. ಬೇಕಾದ ಹೆಸರು ಕಂಡ ಖುಷಿಯಲ್ಲಿ ಅಕ್ಷರವನ್ನೇ ನೋಡಿರಲಿಲ್ಲ. ಶಂಕ್ರಮ್ಮ ನಗಲಿಲ್ಲ. ಇಂಜಿನ್ ರಿಪೇರಿಗೆ ಗಂಗಾವತಿಯ ಒಂದು ವರ್ಕ್‌ಶಾಪಿನ ಗುರುತು ಹೇಳಿ, "ನಿಮ್ಮ ಅಪ್ಪಾರಿಗೆ ಹೇಳ್ರಿ, ಅವರ ಕೈಯಾಗ ಏನೂ ಕಸರಿಲ್ಲ ಅಂತ" ಅಂದರು.

ಅವತ್ತೇ ಸಂಜೆ ಊಟಕ್ಕೆ ಕೂತಾಗ ಶಂಕ್ರಮ್ಮ ಹೇಳಿದ್ದನ್ನು ಹೇಳಿದೆ. ಪ್ಲಗ್ಗು ನಕಲಿ ಅಂತ ಹೇಳುವುದು ಸುಲಭವಿತ್ತು. ಅಪ್ಪನ ಮುಖ ಅರಳಿತು ಕೂಡ. "ಹಂಗಾರ ಕೈದೇನಿಲ್ಲ?" ಅಂದ. ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಅರ್ಧ ಹೇಳಿದ ಮೇಲೆ ಉಳಿದರ್ಧವನ್ನು ಮುಚ್ಚಿಡಲಾಗಲಿಲ್ಲ. "ಇಂಜಿನ್ನೂ ಜಪಾನಿಂದಲ್ಲಪಾ. ಇಲ್ಲಿದು. ಅವತ್ತು ನಾ ಸುಳ್ಳು ಹೇಳಿದೆ," ಅಂದೆ.

ಅಪ್ಪ ಉಣ್ಣುವುದನ್ನು ನಿಲ್ಲಿಸಿದ. ಮುರಿದ ರೊಟ್ಟಿಯನ್ನು ತಟ್ಟೆಗೆ ಹಾಕಿದ.

"ಇಲ್ಲಿದಾದ್ರ ಏನಾತು? ಮೂರು ವರ್ಷ ಛಲೋ ನಡದೈತಿ. ಇಲ್ಲಿದು ಅಂತ ಅಂದಿದ್ರ ನಾ ಏನು ಹಳ್ಳಕ್ಕ ಒಗೀತಿದ್ನೇನು?" ಆಮೇಲೆ ದನಿ ಇಳಿಸಿ ಅಂದ: "ನನಗ ಓದಾಕ ಬರಂಗಿಲ್ಲಂತ ಸುಳ್ಳು ಹೇಳಿದಿ. ನೀ ಐದನೇತ್ತ ಇದ್ದಾಗಿಂದ ನಾ ನಿನ್ನ ಕಣ್ಣೀಲೆ ಓದೀನಿ."

ಎದ್ದು ಕೈ ತೊಳೆದು ಹೊರಗೆ ಹೋದ. ಅವತ್ತಿನಿಂದ ನನ್ನ ಜೊತೆ ಮಾತು ಬಿಟ್ಟ.

ಹನ್ನೊಂದು ದಿನ. ಒಂದೇ ಮನೆಯಲ್ಲಿ ಅಪ್ಪ ಮಾತು ಬಿಟ್ಟರೆ ಅದರ ಭಾರವೆಲ್ಲ ಅವ್ವನ ಮೇಲೆ ಬೀಳುತ್ತದೆ. ಮೂರು ಮಾರು ದೂರದಲ್ಲಿ ನಾನು ಕೂತಿರುತ್ತಿದ್ದೆ, ಅಪ್ಪ ಅವ್ವನಿಗೆ, "ಬದ್ನಿ ಸಸಿಗೆ ನೀರು ಹಾಕ್ಯಾನಂತೇನು ಕೇಳು" ಅನ್ನುತ್ತಿದ್ದ. ನಾನು ಅವ್ವನಿಗೆ, "ಹಾಕೀನಂತ ಹೇಳು" ಅನ್ನುತ್ತಿದ್ದೆ. ಅವ್ವ ಎರಡು ದಿನ ಸಹಿಸಿದಳು. ಮೂರನೇ ದಿನ ಹಿಟ್ಟಿನ ಕೈ ಝಾಡಿಸಿ, "ನಾ ಏನ್ ನಿಮ್ಮಿಬ್ಬರ ಫೋನೇನು?" ಅಂತ ಎದ್ದುಹೋದಳು. ಆಮೇಲೆ ಅಪ್ಪ ಆಕಳ ಕರುವಿಗೆ ಹೇಳತೊಡಗಿದ. ಅದು ನನಗೆ ಏನೂ ದಾಟಿಸಲಿಲ್ಲ.

ನೀರು ಹಾಕುವುದೆಂದರೆ ಕೊಡದಲ್ಲಿ. ಇಂಜಿನ್ನನ್ನು ಗಂಗಾವತಿಗೆ ಒಯ್ದು ಕೊಟ್ಟಿದ್ದೆ. ಕಾರಟಗಿ ಕಡೆಯ ಅಕ್ಕಿ ಗಿರಣಿಗಳ ಕೆಲಸವೇ ಕೈತುಂಬ ಇದ್ದ ಅವರು ನಮ್ಮ ಸಣ್ಣದನ್ನು ಮೂಲೆಗಿಟ್ಟು, ಆಗ ಬನ್ನಿ ಈಗ ಬನ್ನಿ ಅನ್ನುತ್ತಿದ್ದರು. ಅಲ್ಲಿವರೆಗೆ ಬದನೆ ಸಸಿ ಕೇಳಬೇಕಲ್ಲ. ದಿನಾ ಬೆಳಿಗ್ಗೆ ನಾನೂ ಅವ್ವನೂ ಹಳ್ಳದಿಂದ ಕೊಡ ಹೊತ್ತೆವು. ಎರಡನೇ ದಿನಕ್ಕೆ ನನ್ನ ಹೆಗಲು ಬಾತಿತು. ಶಾಲೆಯಲ್ಲಿ ಬೋರ್ಡಿನ ಮೇಲೆ ಬರೆಯಲು ಕೈ ಏಳುತ್ತಿರಲಿಲ್ಲ. ಅಪ್ಪ ಬದುವಿನ ಮೇಲೆ ನಿಂತು ನೋಡುತ್ತಿದ್ದ. ಒಂದು ದಿನ ನಾನು ಎಡವಿ ಕೊಡ ಸಮೇತ ಬಿದ್ದೆ. ಅವನು ಒಂದು ಹೆಜ್ಜೆ ಮುಂದೆ ಬಂದ. ನಾನೇ ಎದ್ದದ್ದು ನೋಡಿ ಹಿಂದೆ ಸರಿದ.

ಹನ್ನೆರಡನೇ ದಿನ ಶನಿವಾರ. ಬೆಳಗಿನ ಶಾಲೆ. ಬಿಡುವ ಹೊತ್ತಿಗೆ ಅವ್ವ ಫೋನ್ ಮಾಡಿದಳು. "ನಿಮ್ಮಪ್ಪ ಹೊಳ್ಳಿ ಬಂದಿಲ್ಲೊ. ಮುಂಜಾನೆ ಬಿಳಿ ಅಂಗಿ ಹಾಕ್ಕೊಂಡು ಹೋಗ್ಯಾನ. ಎಲ್ಲಿಗಂತ ಹೇಳಿಲ್ಲ." ಅವನು ಒಬ್ಬನೇ ಊರು ಬಿಟ್ಟು ಹೋಗುವವನಲ್ಲ. ಬಸ್ಸಿನ ಬೋರ್ಡು ಯಾರನ್ನಾದರೂ ಕೇಳಬೇಕಲ್ಲ ಅಂತ ಹೋಗುವುದನ್ನೇ ಬಿಟ್ಟಿದ್ದ. ಗಾಡಿ ಚಾಲೂ ಮಾಡುವಷ್ಟರಲ್ಲಿ ಇನ್ನೊಂದು ಫೋನ್. ಶಂಕ್ರಮ್ಮ.

"ಸರ, ಗಾಬರಿ ಆಗಬ್ಯಾಡ್ರಿ. ನಿಮ್ಮ ಅಪ್ಪಾರು ನಮ್ಮ ಅಂಗಡ್ಯಾಗ ಅದಾರ. ನಿಮ್ಮ ನಂಬರು ನನ್ನ ಬುಕ್ಕಿನ್ಯಾಗ ಇತ್ತು. ನಿಧಾನ ಬರ್ರಿ, ಚಾ ಕುಡ್ಯಾಕತ್ಯಾರ."

ನಾನು ಕೊಪ್ಪಳ ಮುಟ್ಟಿದಾಗ ಅಪ್ಪ ಅಂಗಡಿಯ ಮುಂದಿನ ಬೆಂಚಿನ ಮೇಲೆ ಕೂತಿದ್ದ. ಅವನ ಸುತ್ತ ಮೂರು ಮಂದಿ ರೈತರು. ಒಬ್ಬ ಕುಕನೂರು ಕಡೆಯವನು, ಕಳೆ ಕೊಯ್ಯುವ ಮಿಷನ್ನಿನ ಪ್ಲಗ್ಗು ಹಿಡಿದುಕೊಂಡು ಹೊಸದು ಕೊಳ್ಳಲು ಬಂದಿದ್ದ. ಅಪ್ಪ ಆ ಪ್ಲಗ್ಗಿನ ತುದಿಯನ್ನು ಬೆಳಕಿಗೆ ಹಿಡಿದು, ಮೂಸಿ ನೋಡಿ ಹೇಳುತ್ತಿದ್ದ: "ಕರ್ರಗ ಆಗಿ ಜಿಬಿಜಿಬಿ ಐತಿ ನೋಡು. ಪ್ಲಗ್ಗು ಏನೂ ಆಗಿಲ್ಲ. ಪೆಟ್ರೋಲಿನ್ಯಾಗ ಎಣ್ಣಿ ಭಾಳ ಕಲಸೀದಿ. ಒರೆಸಿ ಹಾಕು, ಎಣ್ಣಿ ಕಡಿಮಿ ಮಾಡು."

ಆ ರೈತ ಕೈಮುಗಿದು, ಏನೂ ಕೊಳ್ಳದೆ ಹೋದ. ಒಳಗಿಂದ ಶಂಕ್ರಮ್ಮ, "ಕಾಕಾ, ನೀವು ಇಲ್ಲಿ ವಾರಕ್ಕೊಂದು ದಿನ ಕುಂತ್ರ ಸಾಕು, ನನ್ನ ಅಂಗಡಿ ಮುಚ್ಚಿದಂಗ" ಅಂತ ನಕ್ಕರು. ನಗುತ್ತಲೇ ಇನ್ನೊಂದು ಕಪ್ ಚಾ ಹೇಳಿದರು.

ನನ್ನನ್ನು ಬದಿಗೆ ಕರೆದು ಅಪ್ಪ ಬಂದ ಕಾರಣ ಹೇಳಿದವರೂ ಅವರೇ. ಬಸ್ಸಿಳಿದು, ಕೇಳಿಕೊಂಡು ಕೇಳಿಕೊಂಡು ಅಂಗಡಿ ಹುಡುಕಿದನಂತೆ. ಬಂದವನೇ, "ಯವ್ವಾ, ಜಪಾನ್ ಅಂತ ಹೆಂಗ ಬರೀತಾರ, ಇಂಡಿಯಾ ಅಂತ ಹೆಂಗ ಬರೀತಾರ, ನನಗ ತೋರ್ಸು. ಇನ್ನ ಮ್ಯಾಲ ನಾ ಯಾರನ್ನೂ ಕೇಳಬಾರದು" ಅಂದನಂತೆ. ಶಂಕ್ರಮ್ಮ ಪ್ಲಗ್ಗಿನ ಖಾಲಿ ಪೆಟ್ಟಿಗೆ ಹರಿದು ಅದರ ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಎರಡೂ ಬರೆದುಕೊಟ್ಟಿದ್ದರು. ಆ ರಟ್ಟು ಅಪ್ಪನ ಅಂಗಿಯ ಕಿಸೆಯಿಂದ ಇಣುಕುತ್ತಿತ್ತು.

ನಾನು ಬೆಂಚಿನ ಹತ್ತಿರ ಹೋಗಿ ನಿಂತೆ. ಅಪ್ಪ ನನ್ನ ಕಡೆ ನೋಡದೆ ಉಳಿದಿಬ್ಬರು ರೈತರಿಗೆ ರಟ್ಟು ತೋರಿಸುತ್ತ ಪಾಠ ಮುಂದುವರಿಸಿದ. "ಇಲ್ಲಿ ನೋಡ್ರಿ. ಇಂಡಿಯಾದಾಗ ಎರಡು ಕೋಲು, ಕಡೀಕ ಒಂದು ಗುಡಾರ. ಜಪಾನಿನ್ಯಾಗ ಕೋಲು ಇಲ್ಲ, ಗುಡಾರ ಎರಡು." ಐ ಅವನಿಗೆ ಕೋಲು, ಎ ಗುಡಾರ. ಆಮೇಲೆ ಗಾಳಿಗೆ ಹೇಳಿದಂತೆ ಹೇಳಿದ: "ನಮ್ಮ ಮನಿಗೆ ಬಂದದ್ದರಾಗ ಒಂದ ಗುಡಾರ ಇತ್ತಂತ. ಮಾಸ್ತರು ತಂದಿದ್ರು."

ಶಂಕ್ರಮ್ಮ ಸೆರಗು ಬಾಯಿಗಿಟ್ಟುಕೊಂಡರು. ರೈತರು ನನ್ನ ಕಡೆ ನೋಡಿದರು. ನಾನು ತಲೆ ಕೆಳಗೆ ಹಾಕಿದೆ. ಹನ್ನೊಂದು ದಿನ ಕೊಡ ಹೊತ್ತ ಹೆಗಲಿಗಿಂತ ಕಿವಿ ಬಿಸಿಯಾಗಿದ್ದವು. ಆದರೆ ಯಾಕೋ ಒಳಗೆ ಹಗುರವೂ ಆಯಿತು.

ರೈತರು ಹೋದರು. ಅಪ್ಪ ಪಕ್ಕದ ತಗಡಿನ ಡಬ್ಬಿಯಿಂದ ಒಂದು ಹಳೇ ಪ್ಲಗ್ಗು ತೆಗೆದು ನನ್ನ ಕಡೆ ಚಾಚಿದ.

"ಓದು."

ನನಗೇ ಅಂದದ್ದು. ಕರುವಿಗಲ್ಲ, ಅವ್ವನಿಗಲ್ಲ. ಬಿಳಿ ಪಿಂಗಾಣಿಯನ್ನು ತಿರುವಿ, ಈ ಸಲ ಒಂದೊಂದೇ ಅಕ್ಷರ ಬಿಡಿಸಿ ನೋಡಿ, "ಮೇಡ್ ಇನ್ ಇಂಡಿಯಾ" ಅಂದೆ.

"ಅದು ಈಗ ನನಗೂ ಬರ್ತೈತಿ." ಪ್ಲಗ್ಗನ್ನು ನನ್ನ ಬೆರಳುಗಳ ನಡುವೆಯೇ ತಿರುಗಿಸಿ ಸುಟ್ಟ ತುದಿಯನ್ನು ಮೇಲೆ ಮಾಡಿದ. "ಈ ಕಡಿ ಓದು."

ತುದಿ ಬಿಸ್ಕೀಟಿನ ಬಣ್ಣಕ್ಕೆ ತಿರುಗಿತ್ತು. ಒಂದು ಮಗ್ಗುಲಿಗೆ ತುಸು ಬೂದಿಬಿಳುಪು. ಅದು ಒಳ್ಳೆಯದೋ ಕೆಟ್ಟದ್ದೋ, ಆ ಇಂಜಿನ್ ಸುಖದಲ್ಲಿತ್ತೋ ಕಷ್ಟದಲ್ಲಿತ್ತೋ, ನನಗೆ ಒಂದಕ್ಷರವೂ ಗೊತ್ತಾಗಲಿಲ್ಲ.

"ಬರಂಗಿಲ್ಲಪಾ," ಅಂದೆ.

ಅಪ್ಪ ರುಮಾಲು ಸರಿ ಮಾಡಿಕೊಂಡ. ಬೆಂಚಿನ ಮೇಲೆ ಒಂದಿಷ್ಟು ಆಚೆ ಸರಿದ.

"ಹಂಗಾರ ಕುಂದ್ರು."